ಮೇಸ್ತ್ರಿಯಲ್ಲ, ಅಪ್ಪ

ಭಾನುವಾರದ ಆರಾಧನೆ ತಪ್ಪಿಸದಿದ್ದರೂ ದೇವರು ತಪ್ಪು ಎಣಿಸುವ ಮೇಸ್ತ್ರಿಯಂತೆ ಕಾಣುತ್ತಾನೆ, ‘ದೇವರ ಮಗಳು’ ಎಂಬ ಮಾತು ಮನಸ್ಸಿಗೆ ಇಳಿಯುವುದೇ ಇಲ್ಲ ಎಂಬುದು ಓದುಗರೊಬ್ಬರ ಅಳಲು.

ಅವರು ಜೋಸೆಫಿನ್ ಬಖೀತಾ ಅವರ ಬದುಕನ್ನೊಮ್ಮೆ ಓದಬೇಕು. ಸುಡಾನಿನ ದಾರ್ಫುರ್‌ನ ಈ ಹುಡುಗಿಯನ್ನು ಎಳವೆಯಲ್ಲೇ ಕದ್ದೊಯ್ದು ಮಾರಿದರು. ಆಘಾತಕ್ಕೆ ಹೆತ್ತವರಿಟ್ಟ ಹೆಸರೇ ಮರೆತುಹೋಯಿತು. ಬಖೀತಾ ಎಂಬುದು ಹಿಡಿದೊಯ್ದವರು ಕರೆದ ಹೆಸರು. ಒಡೆಯನೊಬ್ಬನ ಮನೆಯಲ್ಲಿ ಆಕೆಯ ಮೈ ಕೊಯ್ದು, ಗಾಯಕ್ಕೆ ಉಪ್ಪು ತಿಕ್ಕಿದ್ದರು. ಕೊನೆಗೆ ಇಟಲಿ ತಲುಪಿದ ಆಕೆ ಸ್ವತಂತ್ರಳೆಂದು 1889ರ ನವೆಂಬರ್‌ನಲ್ಲಿ ವೆನಿಸ್‌ನ ನ್ಯಾಯಾಲಯ ಸಾರಿತು. ಆದರೆ ಕರೆದೊಯ್ಯಲು ಬಂದ ಒಡತಿಗೆ ‘ಬರುವುದಿಲ್ಲ’ ಎನ್ನುವ ಎದೆಗಾರಿಕೆ ತೀರ್ಪಿಗೂ ಮೊದಲೇ, ಕನ್ಯಾಸ್ತ್ರೀಯರ ಬಳಿ ಧರ್ಮಪಾಠ ಕೇಳುವಾಗಲೇ ಬಂದಿತ್ತು. ಗಮನಿಸಬೇಕಾದ್ದು ಇದನ್ನೇ. 1890ರ ಜನವರಿ 9ರಂದು ದೀಕ್ಷಾಸ್ನಾನವಾಯಿತು. ತಾನು ದೇವರ ಮಗಳಾದದ್ದು ಇಲ್ಲೇ ಎಂದು ಆ ತೊಟ್ಟಿಗೆ ಆಕೆ ಮುತ್ತಿಡುತ್ತಿದ್ದರಂತೆ.

ಪೌಲನು ಗಲಾತ್ಯದವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯದ ವಾದವೂ ಇದೇ: ದತ್ತು ಮಗುವಿಗೆ ಹಕ್ಕು ಸಿಗುವುದು ದುಡಿಮೆಗೆ ಕೂಲಿಯಾಗಿ ಅಲ್ಲ.

ಹಾಗೆಂದು ಭಯ ರಾತ್ರೋರಾತ್ರಿ ಹೋಗದು. ಈ ಓದುಗರು ಪ್ರಾರ್ಥನೆಯನ್ನು ತಪ್ಪುಗಳ ಪಟ್ಟಿಯಿಂದಲ್ಲ, ‘ಅಪ್ಪಾ’ ಎಂಬ ಕರೆಯಿಂದ ಶುರುಮಾಡಲಿ. ಆ ಭಯದ ಬೇರು ಮನೆಯ ಹೊಡೆತ ಬಡಿತದಲ್ಲೋ ಸಭೆಯ ದಬ್ಬಾಳಿಕೆಯಲ್ಲೋ ಇದ್ದರೆ, ಪಾದ್ರಿಯ ಜೊತೆಗೆ ಆಪ್ತಸಮಾಲೋಚಕರನ್ನೂ ಕಾಣಲಿ. ಅದು ನಂಬಿಕೆಯ ಕೊರತೆಯೇನಲ್ಲ.