ಶಿವಗಂಗೆಗೆ ಹೊರಟವರಿಗೆ

ದಾಬಸ್‌ಪೇಟೆಯಲ್ಲಿ ತುಮಕೂರು ಹೆದ್ದಾರಿ ಬಿಟ್ಟು ತಿರುಗಿದರೆ ಶಿವಗಂಗೆ ಬೆಟ್ಟ ಎದುರಿಗೇ ಕಾಣುತ್ತದೆ. ಬೆಳಗಿನ ಏಳಕ್ಕೆಲ್ಲ ಬುಡ ಸೇರಿಬಿಡಿ. ಬಿಸಿಲೇರಿದರೆ ಬರಿಬಂಡೆ ಕಾದು ಅಂಗಾಲು ಸುಡುತ್ತದೆ.

ಗಂಗಾಧರೇಶ್ವರನ ಗುಡಿಯಲ್ಲಿ ಅವಸರ ಬೇಡ. ಲಿಂಗಕ್ಕೆ ಉಜ್ಜಿದ ತುಪ್ಪ ಬೆಣ್ಣೆಯಾಗುತ್ತದೆ ಎಂಬುದು ಇಲ್ಲಿನ ನಂಬಿಕೆ. ಪಕ್ಕದಲ್ಲಿ ನಿಂತು ನೀವೇ ನೋಡಿ. ಮೇಲಿನ ಒಳಕಲ್ಲು ತೀರ್ಥದಲ್ಲಿ ಕಲ್ಲಿನ ಕುಳಿಗೆ ಕೈ ಇಳಿಸುತ್ತಾರೆ. ನೀರು ಸಿಕ್ಕರೆ ಪುಣ್ಯವಂತರು ಅನ್ನುತ್ತಾರೆ. ಸಿಗದಿದ್ದವರನ್ನು ಆಡಿಕೊಳ್ಳಬೇಡಿ, ಮಕ್ಕಳು ಅದನ್ನೇ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ.

ಅಲ್ಲಿಂದ ಮುಂದೆ ಏರು ಕಡಿದು. ಬಂಡೆಯಲ್ಲೇ ಕಡಿದ ಮೆಟ್ಟಿಲು, ಪಕ್ಕಕ್ಕೆ ಕಬ್ಬಿಣದ ಕಂಬಿ. ಎರಡೂ ಕೈ ಖಾಲಿ ಇರಲಿ. ಪ್ಲಾಸ್ಟಿಕ್ ಕವರ್ ಸದ್ದು ಮಾಡಿದರೆ ಸಾಕು, ಕೋತಿ ಹೆಗಲೇರುತ್ತದೆ; ಬುತ್ತಿ, ಬಾಟಲಿ ಚೀಲದೊಳಗಿರಲಿ. ಮಳೆ ಬಿದ್ದ ದಿನ ಒಳಕಲ್ಲಿಗೇ ನಿಲ್ಲಿಸಿ.

ತುದಿಯಲ್ಲಿ ಕಲ್ಲಿನ ಬಸವ ಇದ್ದಾನೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಕಣ್ಣು ಮುಚ್ಚಿದ್ದು ಇದೇ ಶಿವಗಂಗೆಯಲ್ಲಿ. ಅವಳ ಹೆಸರಿನ ಕಡಿದಾದ ಅಂಚಿನಲ್ಲಿ ಸೆಲ್ಫಿ ಸಾಹಸ ಬೇಡವೇ ಬೇಡ.

ಇಳಿದ ಮೇಲೆ ನೇರ ಮನೆಗೆ ಓಡಬೇಡಿ. ಮಳೆಗಾಲ ಮುಗಿಯುವ ಹೊತ್ತಿಗೆ ರಾಗಿ ಹೊಲದ ಸಾಲುಗಳಲ್ಲಿ ಹುಚ್ಚೆಳ್ಳು ಹಳದಿಯಾಗಿ ಅರಳಿರುತ್ತದೆ. ಬದುವಿನ ಮೇಲೆ ನಿಂತು ನೋಡಿ, ಪೈರು ತುಳಿಯಬೇಡಿ. ಹಸಿವಾದರೆ ಹೆದ್ದಾರಿಯಲ್ಲೇ ಮುಂದೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಅದರಾಚೆ ಸಿದ್ಧಗಂಗಾ ಮಠದ ದಾಸೋಹ ಇದೆ.

ಸಂಕ್ರಾಂತಿ ಜಾತ್ರೆಯ ಜನಜಂಗುಳಿ ಬೇಡವೆನಿಸಿದರೆ ವಾರದ ನಡುವೆ ಹೋಗಿ. ಒಯ್ದ ಕಸವನ್ನು ಮಾತ್ರ ವಾಪಸ್ ತನ್ನಿ.