ನೋಟದ ಕೋನವೂ ಬೆಳಕಿನ ಫಲಕವೂ

1962ರಲ್ಲಿ ಅಮೆರಿಕದ ವಿಜ್ಞಾನಿ ನಿಕ್ ಹೊಲೊನ್ಯಾಕರು ಕಣ್ಣಿಗೆ ಕಾಣುವ ಕೆಂಪು ಬೆಳಕನ್ನು ಬೀರುವ ಎಲ್‌ಇಡಿಯನ್ನು ರಚಿಸಿದರು. ಇಂದು ಅಂಥ ಸಣ್ಣ ದೀಪಗಳ ಸಾಲುಗಳೇ ರೈಲು ನಿಲ್ದಾಣಗಳಲ್ಲಿಯೂ ಬಸ್ಸುಗಳ ಹಣೆಯ ಮೇಲೆಯೂ ಅಕ್ಷರಗಳಾಗಿ ಬೆಳಗುತ್ತಿವೆ. ಆದರೆ ಎದುರಿಗೆ ನಿಂತವನಿಗೆ ಸ್ಪಷ್ಟವಾಗಿ ಕಾಣುವ ಫಲಕವು ಓರೆಯಲ್ಲಿ ನಿಂತವನಿಗೆ ಅಷ್ಟು ಸ್ಪಷ್ಟವಾಗಿ ಕಾಣದು. ಇದಕ್ಕೆ ಕಾರಣವೇನು? ಕಲಾ ವಿಭಾಗದ ವಿದ್ಯಾರ್ಥಿಯಾದರೂ ನಾನು ತಿಳಿದುಕೊಂಡಷ್ಟನ್ನು ಇಲ್ಲಿ ನಿರೂಪಿಸಲು ಯತ್ನಿಸುತ್ತೇನೆ.

ಮೊದಲನೆಯ ಕಾರಣ ಕಾಂತಿ. ಎಲ್‌ಇಡಿ ಎಲ್ಲ ದಿಕ್ಕಿಗೂ ಸಮನಾಗಿ ಬೆಳಕು ಚೆಲ್ಲುವುದಿಲ್ಲ. ಎದುರಿಗೆ ಹೆಚ್ಚು, ಪಕ್ಕಕ್ಕೆ ಸರಿದಂತೆಲ್ಲ ಕಡಿಮೆ. ಎಡಬಲಗಳಲ್ಲಿ ಕಾಂತಿಯು ಅರ್ಧಕ್ಕಿಳಿಯುವ ಎರಡು ಅಂಚುಗಳ ನಡುವಣ ಅಂತರಕ್ಕೆ ನೋಟದ ಕೋನವೆಂದು ಹೆಸರು. 120 ಡಿಗ್ರಿಯ ಫಲಕವೆಂದರೆ ನೇರ ನೋಟದಿಂದ ಪ್ರತಿ ಪಕ್ಕಕ್ಕೂ 60 ಡಿಗ್ರಿ ಎಂದರ್ಥ.

ಎರಡನೆಯದು ಅಕ್ಷರದ ಅಗಲ. ಓರೆಯಿಂದ ನೋಡಿದಾಗ ಫಲಕದ ಎತ್ತರ ಹಾಗೆಯೇ ಉಳಿದು, ಅಗಲ ಮಾತ್ರ ಕುಗ್ಗುವುದು. 45 ಡಿಗ್ರಿಯಲ್ಲಿ ಅದು ನೂರಕ್ಕೆ 71ರಷ್ಟು, 60 ಡಿಗ್ರಿಯಲ್ಲಿ 50ರಷ್ಟು, 75 ಡಿಗ್ರಿಯಲ್ಲಿ ಕೇವಲ 26ರಷ್ಟು. ಆದಕಾರಣ, ತಯಾರಕರು ಹೇಳುವ ಕೋನದ ಅಂಚಿನಲ್ಲಿ ಬೆಳಕು ಕಂಡೀತು. ಅಕ್ಷರ ಓದಲು ಬಂದೀತೆಂಬ ಭರವಸೆಯಿಲ್ಲ. ಕಾಣುವುದು ಬೇರೆ, ಓದುವುದು ಬೇರೆ.

ಕನ್ನಡಕ್ಕೆ ಈ ತೊಡಕು ಇನ್ನೂ ಹೆಚ್ಚು. ‘ಪ’ಕ್ಕೂ ‘ಷ’ಕ್ಕೂ ಇರುವ ಭೇದ ಒಂದು ಸಣ್ಣ ಗೆರೆಯದು. ಕೆಲವೇ ಚುಕ್ಕೆಗಳಲ್ಲಿ ಬರೆದ ಇಂಥ ಅಕ್ಷರ ಅರ್ಧಕ್ಕೆ ಕುಗ್ಗಿದರೆ, ಚುಕ್ಕೆಗಳು ಒಂದರೊಡನೊಂದು ಬೆರೆತು ಆ ಗೆರೆ ಮರೆಯಾಗುವುದು. ಒತ್ತಕ್ಷರಗಳ ಪಾಡನ್ನಂತೂ ಹೇಳಬೇಕಾಗಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ್ದು ನಾನೇ ಮೊದಲು. ನನ್ನ ತಾಯಿಯವರು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವರು. ಅಭ್ಯಾಸವುಳ್ಳವನು ಅರ್ಧ ಪದ ಕಂಡರೂ ಉಳಿದುದನ್ನು ಊಹಿಸಿಕೊಳ್ಳುವನು. ಅವರಂಥವರಿಗೆ ಆ ಅನುಕೂಲವಿಲ್ಲ. ಓರೆಯಲ್ಲಿ ಮಸುಕಾಗಿ, ಮೇಲಾಗಿ ಓಡುತ್ತಲೂ ಇರುವ ಅಕ್ಷರಗಳು ಅವರ ಪಾಲಿಗೆ ಇದ್ದೂ ಇಲ್ಲದಂತೆಯೇ. ಅವರು ಪಕ್ಕದವರನ್ನು ಕೇಳಬೇಕು, ಇಲ್ಲವೇ ಬಸ್ಸನ್ನು ಬಿಡಬೇಕು.

ಪರಿಹಾರ ಕಠಿಣವಾದುದೇನಲ್ಲ. ಜನರು ನಡೆದುಬರುವ ದಿಕ್ಕಿಗೆ ಎದುರಾಗಿ ಫಲಕವನ್ನು ತೂಗುಹಾಕಬೇಕು. ಎರಡು ಕಡೆಯಿಂದ ಬರುವವರಿದ್ದಲ್ಲಿ ಎರಡು ಮುಖದ ಫಲಕ ಬೇಕು. ಎತ್ತರದಲ್ಲಿರುವುದನ್ನು ತುಸು ಕೆಳಕ್ಕೆ ಬಾಗಿಸಬೇಕು. ಅಕ್ಷರಗಳ ನಡುವೆ ಎಡೆಯಿರಬೇಕು. ಊರಿನ ಹೆಸರು ಓಡದೆ ನಿಲ್ಲಬೇಕು. ಫಲಕವನ್ನು ಒಪ್ಪಿಕೊಳ್ಳುವ ಮುನ್ನ ಅಧಿಕಾರಿಗಳು ಅದರ ಎದುರಿಗೆ ಮಾತ್ರ ನಿಲ್ಲದೆ, ಪ್ರಯಾಣಿಕರ ಬೆಂಚಿನ ಕೊನೆಯಲ್ಲಿ ಕುಳಿತು ಒಮ್ಮೆ ಓದಿ ನೋಡಲಿ.