ಮೂರು ಮೆಟ್ಟಿಲುಗಳು

ಬೆಳಗಿನ ಗಂಟೆ ಬಾರಿಸಿದುದು ಮೊದಲ್ಗೊಂಡು ಸಂಜೆ ಮನೆಗೆ ಹೊರಡುವವರೆಗೆ ನೀವು ಶಾಲೆಯಲ್ಲಿ ಎಷ್ಟು ಕೆಲಸಗಳನ್ನು ಮಾಡುವಿರೆಂಬುದನ್ನು ಎಂದಾದರೂ ಎಣಿಸಿದ್ದೀರಾ? ಚೀಲದಿಂದ ಪುಸ್ತಕ ತೆಗೆಯುವುದು, ಕರಿಹಲಗೆಯನ್ನು ನೋಡಿ ಬರೆದುಕೊಳ್ಳುವುದು, ತಟ್ಟೆ ಹಿಡಿದು ಸಾಲಿನಲ್ಲಿ ನಡೆಯುವುದು, ನಲ್ಲಿ ತಿರುಗಿಸುವುದು, ಶೌಚಾಲಯದ ಚಿಲಕ ಹಾಕುವುದು. ಇವು ನಮಗೆ ಕೆಲಸಗಳೆಂದೇ ತೋರುವುದಿಲ್ಲ. ವಿಕಲಚೇತನ ಮಗುವಿನ ದಿನವೆಲ್ಲ ಇವುಗಳಲ್ಲಿಯೇ ಕಳೆದುಹೋಗಬಹುದು.

ನಾನು ಉಪಾಧ್ಯಾಯನಾಗಿದ್ದಾಗ ಪೋಲಿಯೋದಿಂದ ಒಂದು ಕಾಲು ಸೊರಗಿದ್ದ ಹುಡುಗನೊಬ್ಬನು ನನ್ನ ತರಗತಿಯಲ್ಲಿದ್ದನು. ಮಧ್ಯಾಹ್ನದ ಮೊದಲ ಪಾಠಕ್ಕೆ ದಿನವೂ ತಡವಾಗಿ ಬರುತ್ತಿದ್ದನು. ಅವನು ಸೋಮಾರಿಯೆಂದು ನಾನು ಬಗೆದೆನು. ಎಲ್ಲರೆದುರು ಹಾಗೆಂದು ಗದರಿಸಿದ್ದೂ ಉಂಟು. ಒಂದು ದಿನ ಊಟದ ಬಿಡುವಿನಲ್ಲಿ ಅವನನ್ನು ದೂರದಿಂದ ಗಮನಿಸುತ್ತ ನಿಂತೆನು. ಮೂತ್ರಾಲಯವು ಆಟದ ಬಯಲಿನಾಚೆಗಿತ್ತು. ಅದರ ಮುಂದೆ ಮೂರು ಕಲ್ಲುಮೆಟ್ಟಿಲುಗಳು. ಹಿಡಿದುಕೊಳ್ಳಲು ಏನೂ ಇರಲಿಲ್ಲ. ಗಂಟೆ ಬಾರಿಸಿ, ನೂಕಾಡುವ ಹುಡುಗರೆಲ್ಲ ಚದುರಿದ ಬಳಿಕವೇ ಅವನು ಎರಡು ಕೈಗಳನ್ನೂ ಕಲ್ಲಿನ ಮೇಲೆ ಊರಿ ಹತ್ತಿದನು. ಆ ಮೆಟ್ಟಿಲುಗಳಿಗೆ ಅಂಜಿ ಅವನು ಬೆಳಗಿನಿಂದ ನೀರನ್ನೇ ಕುಡಿಯುತ್ತಿರಲಿಲ್ಲವೆಂಬುದು ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ ಹುಡುಗನಿಂದ ಅನಂತರ ತಿಳಿಯಿತು.

ವೈದ್ಯರು ಕೊಡುವ ಪ್ರಮಾಣಪತ್ರದಲ್ಲಿ ವೈಕಲ್ಯದ ಶೇಕಡಾ ಪ್ರಮಾಣವಿರುತ್ತದೆ. ಸೌಲಭ್ಯಗಳನ್ನು ಪಡೆಯಲು ಅದು ಬೇಕೇ ಬೇಕು. ಆದರೆ ಆ ಮೂರು ಮೆಟ್ಟಿಲುಗಳ ಸುದ್ದಿ ಅದರಲ್ಲಿರುವುದಿಲ್ಲ. ಶರೀರದ ಸ್ಥಿತಿಯೊಂದೇ ಅಲ್ಲ, ಸುತ್ತಲಿನ ಪರಿಸರವೂ ಸೇರಿಯೇ ವೈಕಲ್ಯವುಂಟಾಗುತ್ತದೆಂಬ ವಿಚಾರವನ್ನು ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಅಂಗೀಕರಿಸಿತು. ಅದಕ್ಕೂ ಮೊದಲೇ, 1998ರಲ್ಲಿ, ಅಮೆರಿಕದ ವೆಂಡಿ ಕಾಸ್ಟರ್ ಮತ್ತು ಅವರ ಸಂಗಡಿಗರು ‘ಸ್ಕೂಲ್ ಫಂಕ್ಷನ್ ಅಸೆಸ್‌ಮೆಂಟ್’ ಎಂಬ ಅಳತೆಗೋಲನ್ನು ಪ್ರಕಟಿಸಿದ್ದರು. ಆರನೆಯ ತರಗತಿಯವರೆಗಿನ ಮಕ್ಕಳಿಗಾಗಿ ರೂಪಿತವಾದ ಇದು ಒಂದು ದಿನದ ಪರೀಕ್ಷೆಯಲ್ಲ. ಮಗುವನ್ನು ನಿತ್ಯ ಕಾಣುವವರೇ ಇದನ್ನು ತುಂಬಬೇಕು. ತರಗತಿ, ಆಟದ ಬಯಲು, ಶಾಲೆಗೆ ಹೋಗಿಬರುವ ಪ್ರಯಾಣ, ಶೌಚಾಲಯ, ಊಟದ ವೇಳೆ, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವ ಸಮಯ, ಈ ಆರರಲ್ಲಿಯೂ ಮಗು ಎಷ್ಟರಮಟ್ಟಿಗೆ ಪಾಲ್ಗೊಳ್ಳುತ್ತದೆ, ಯಾರ ನೆರವು ಬೇಕು, ಯಾವ ಮಾರ್ಪಾಡು ಬೇಕು ಎಂದು ಅದು ಕೇಳುತ್ತದೆ. ಶೌಚಾಲಯಕ್ಕೂ ತರಗತಿಗೂ ಸಮಾನವಾದ ಸ್ಥಾನ ಕೊಟ್ಟುದನ್ನು ಕಂಡಾಗ ನನಗೆ ಆ ಹುಡುಗನೇ ನೆನಪಾದನು.

ಅಂದು ನಮ್ಮ ಬಳಿ ಅಂತಹ ಅಳತೆಗೋಲು ಇರಲಿಲ್ಲ. ಮೆಟ್ಟಿಲುಗಳ ಎಡಗಡೆಗೆ ಒಂದು ಕಬ್ಬಿಣದ ಕಂಬಿಯನ್ನು ಹಾಕಿಸಿದೆವು. ಮಾರನೆಯ ದಿನವೂ ಅವನು ತಡವಾಗಿಯೇ ಬಂದನು. ಅವನಿಗೆ ಆಸರೆ ಬೇಕಾಗಿದ್ದುದು ಬಲಗಡೆಗೆ; ಅವನನ್ನು ನಾವು ಯಾರೂ ಕೇಳಿರಲಿಲ್ಲ. ಕಂಬಿಯನ್ನು ಕಿತ್ತು ಬಲಗಡೆಗೆ ನೆಡಿಸಿದೆವು.